ಕೆಟ್ಟ ಸಿಗ್ನಲಿಗೆ ಉತ್ತರ ಹೇಳತಕ್ಕವರು ಯಾರು?

“ಸಿಗ್ನಲಿನಲ್ಲಿ ಉಂಟಾದ ತಾಂತ್ರಿಕ ದೋಷದ ಕಾರಣ ಗಾಡಿಯು ತಡವಾಗಿ ಬರುವುದು, ಪ್ರಯಾಣಿಕರಿಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ.” ರೈಲ್ವೆ ನಿಲ್ದಾಣದ ಧ್ವನಿವರ್ಧಕದಿಂದ ಹೊರಡುವ ಈ ಧಾಟಿಯ ವಾಕ್ಯವನ್ನು ಕೇಳದೆ ಇರುವ ಪ್ರಯಾಣಿಕನು ನಮ್ಮ ನಾಡಿನಲ್ಲಿ ವಿರಳ. ಮಕ್ಕಳಿಗೆ ವ್ಯಾಕರಣವನ್ನು ಕಲಿಸುವ ನಮ್ಮ ಉಪಾಧ್ಯಾಯ ಬಂಧುಗಳು ಈ ವಾಕ್ಯವನ್ನೊಮ್ಮೆ ಬಿಡಿಸಿ ನೋಡಬೇಕೆಂದು ಬೇಡುತ್ತೇವೆ. ಇದರಲ್ಲಿ ದೋಷವೇ ಕರ್ತೃವಾಗಿ ಕುಳಿತಿದೆ. ಮನುಷ್ಯನು ವಾಕ್ಯದಿಂದ ಮೆಲ್ಲನೆ ಇಳಿದುಹೋಗಿದ್ದಾನೆ. ಮಳೆ ಬಂದಂತೆ, ಸಿಡಿಲು ಬಡಿದಂತೆ, ದೋಷವು ತಾನೇ ತಾನಾಗಿ ‘ಉಂಟಾಯಿತು’. ಯಾವ ಯಂತ್ರ ಕೆಟ್ಟಿತು? ಅದನ್ನು ನೋಡಿಕೊಳ್ಳತಕ್ಕವರು ಯಾರು? ಹಿಂದೆ ಯಾವಾಗ ಅದನ್ನು ಪರೀಕ್ಷಿಸಿದ್ದರು? ಅದು ದುರಸ್ತಿಯಾಗುವ ತನಕ ಗಾಡಿಗಳನ್ನು ಯಾವ ಭದ್ರತೆಯ ಮೇಲೆ ಬಿಡುತ್ತಿದ್ದಾರೆ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಆ ವಾಕ್ಯದಲ್ಲಿ ಉತ್ತರವಿಲ್ಲ. ಕೊನೆಯಲ್ಲಿ ವಿಷಾದ ಪಡುವ ‘ನಾವು’ ಎಂಬ ಮಹನೀಯರು ಯಾರೆಂಬುದೂ ತಿಳಿಯದು.

ಇಂತಹ ತಡದ ಭಾರವು ಎಲ್ಲರ ಹೆಗಲ ಮೇಲೆಯೂ ಸಮನಾಗಿ ಬೀಳುವುದಿಲ್ಲ. ಮೈಸೂರು ಜಿಲ್ಲೆಯ ಪಡುವಣ ಸೀಮೆಯನ್ನು ನೋಡಿರಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ಮೂರು ಊರುಗಳಿಗೆ ರೈಲು ಹಳಿಯೇ ಇಲ್ಲ. ಹುಣಸೂರು ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ರೈಲು ಬರಬೇಕೆಂಬ ಬೇಡಿಕೆಯು ಹಳೆಯದಾಗಿ ಹೋಗಿದೆ. ಇದ್ದುದರಲ್ಲಿ ಭಾಗ್ಯಶಾಲಿಯೆಂದರೆ ಕೃಷ್ಣರಾಜನಗರ. ಮೈಸೂರಿನಿಂದ ಸಾಗರಕಟ್ಟೆ, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರಗಳ ಮೇಲೆ ಹಾಸನ ಅರಸೀಕೆರೆಗಳಿಗೆ ಹೋಗುವ, ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಿದ ಮಾರ್ಗವು ಆ ಊರನ್ನು ಮುಟ್ಟಿ ಹೋಗುತ್ತದೆ. ಇದು ಒಂಟಿ ಹಳಿಯ ಮಾರ್ಗ. ಒಂಟಿ ಹಳಿಯ ಮೇಲೆ ಹೋಗುವ ಗಾಡಿಯೂ ಬರುವ ಗಾಡಿಯೂ ನಿಲ್ದಾಣದಲ್ಲಿಯೇ ಒಂದನ್ನೊಂದು ದಾಟಬೇಕಾದುದರಿಂದ, ಎಲ್ಲಿಯಾದರೂ ಒಂದು ಸಿಗ್ನಲು ಕೆಂಪಾಗಿಯೇ ನಿಂತುಬಿಟ್ಟರೆ ಎರಡು ದಿಕ್ಕಿನ ಸಂಚಾರವೂ ಕಟ್ಟಿಹೋಗುತ್ತದೆ.

ಇನ್ನು ಹುಣಸೂರು ತಾಲ್ಲೂಕಿನ ಗುರುಪುರವನ್ನು ತೆಗೆದುಕೊಳ್ಳಿ. ಹೊಗೆಸೊಪ್ಪಿನ ಬೇಸಾಯದ ಸೀಮೆ. 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಗೊಂಡ ತಾಣ. ಬೆಂಗಳೂರಿನ ಆಸ್ಪತ್ರೆಗೋ ಕಚೇರಿಗೋ ಹೋದ ಗುರುಪುರದವನು ರೈಲಿನಲ್ಲಿ ಮೈಸೂರಿಗೆ ಬಂದಿಳಿದ ಮೇಲೆ ಇನ್ನೂ ಬಸ್ಸು ಹಿಡಿಯಬೇಕು. ಹುಣಸೂರಿನಲ್ಲಿಳಿದು ಮತ್ತೊಂದು ಬಸ್ಸನ್ನು ಹುಡುಕಬೇಕು. ಮೈಸೂರಿನ ನಿವಾಸಿಗೆ ಎರಡು ಗಂಟೆಯ ತಡವೆಂದರೆ ಆರಿದ ಊಟ. ಗುರುಪುರದವನಿಗೆ ಅದೇ ಎರಡು ಗಂಟೆಯೆಂದರೆ ತಪ್ಪಿಹೋದ ಕಡೆಯ ಬಸ್ಸು, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಒಂದು ರಾತ್ರಿ, ಮರುದಿನದ ಕೂಲಿ ನಷ್ಟ. ಇಲಾಖೆಯ ಲೆಕ್ಕದ ಪುಸ್ತಕದಲ್ಲಿ ಈ ಇಬ್ಬರ ತಡವೂ 120 ನಿಮಿಷವೆಂದೇ ದಾಖಲಾಗುವುದು.

ಹೀಗೆಂದ ಮಾತ್ರಕ್ಕೆ, ಗಾಡಿ ತಡವಾದುದೇ ನಮ್ಮ ದೂರೆಂದು ವಾಚಕರು ಭಾವಿಸಕೂಡದು. ನಮ್ಮ ದೂರು ಅದಕ್ಕಿಂತ ಗುರುತರವಾದುದು. ಅದನ್ನು ತಿಳಿಯಬೇಕಾದರೆ ಸಿಗ್ನಲಿನ ಧರ್ಮವೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ.

ಹಿಂದಣ ಕಾಲದಲ್ಲಿ ಒಂಟಿ ಹಳಿಯ ಮೇಲೆ ಗಾಡಿ ಹೊರಡಬೇಕಾದರೆ ಡ್ರೈವರನ ಕೈಗೆ ಒಂದು ಕಬ್ಬಿಣದ ಗುಂಡು ಬರಬೇಕಾಗಿತ್ತು. ನೀಲ್ ಎಂಬವನ ಹೆಸರಿನ ಯಂತ್ರವು ಎರಡು ನಿಲ್ದಾಣಗಳಲ್ಲಿಯೂ ಇರುತ್ತಿತ್ತು. ಒಂದು ಗುಂಡು ಹೊರಗೆ ಬಂದಿರುವಾಗ ಎರಡನೆಯದನ್ನು ಆ ಯಂತ್ರವು ಎರಡು ಕಡೆಯಲ್ಲಿಯೂ ಬಿಡುತ್ತಿರಲಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಗೆ ಕೊಡುತ್ತಿದ್ದುದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಗುಂಡಿಲ್ಲದೆ ಗಾಡಿಯಿಲ್ಲ, ಕುರುಡನಿಗೂ ತಿಳಿಯುವ ಭದ್ರತೆ! ಈಗ ಆ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬಾತನು ಹಳಿಗಳೊಳಗೇ ಅಲ್ಪ ವಿದ್ಯುತ್ತನ್ನು ಹರಿಯಿಸುವ ಉಪಾಯವನ್ನು ಕಂಡುಹಿಡಿದನು. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಮತ್ತೊಂದು ತುದಿಯಲ್ಲಿ ರಿಲೇ ಎಂಬ ವಿದ್ಯುತ್ಕಾಂತ. ವಿದ್ಯುತ್ತು ರಿಲೇಯನ್ನು ತಲುಪುತ್ತಿರುವ ತನಕ ಹಾದಿ ಖಾಲಿಯೆಂದು ಅರ್ಥ. ಗಾಡಿಯ ಗಾಲಿಗಳು ಹಳಿಯ ಮೇಲೆ ಬಂದೊಡನೆ ವಿದ್ಯುತ್ತು ಅಚ್ಚಿನ ಮೂಲಕವೇ ದಾಟಿಹೋಗಿ ರಿಲೇ ಕೆಳಗೆ ಬೀಳುವುದು; ಸಿಗ್ನಲು ಕೆಂಪಾಗುವುದು.

ಇದರ ಹೆಚ್ಚಳವಿರುವುದು ಇನ್ನೊಂದರಲ್ಲಿ. ತಂತಿ ಕಡಿದರೂ ರಿಲೇ ಬೀಳುವುದು. ಬ್ಯಾಟರಿ ಸತ್ತರೂ ಬೀಳುವುದು. ಹಳಿ ಸೀಳಿದರೂ ಬೀಳುವುದು. ಮಳೆಗಾಲದಲ್ಲಿ ಜಲ್ಲಿಯ ನಡುವೆ ನೀರು ನಿಂತು ವಿದ್ಯುತ್ತು ಸೋರಿಹೋದರೂ ಬೀಳುವುದು. ಎಂದರೆ, ಯಂತ್ರಕ್ಕೆ ಸಂದೇಹ ಬಂದಾಗಲೆಲ್ಲ ಅದು ‘ನಿಲ್ಲು’ ಎಂದೇ ಹೇಳುವಂತೆ ರಚಿತವಾಗಿದೆ. ಕೆಂಪಾಗಿ ಕೆಟ್ಟ ಸಿಗ್ನಲು ಗಾಡಿಯನ್ನು ತಡಮಾಡುತ್ತದೆ, ಕೊಲ್ಲುವುದಿಲ್ಲ. ಹಸುರಾಗಿ ಕೆಟ್ಟ ಸಿಗ್ನಲೇ ಕೊಲ್ಲತಕ್ಕದ್ದು. ಧ್ವನಿವರ್ಧಕದ ಭಾಷೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು: ‘ತಾಂತ್ರಿಕ ದೋಷ’. ಮೊದಲನೆಯದಕ್ಕೆ ನಾವು ಕೈಮುಗಿಯಬೇಕು, ಎರಡನೆಯದಕ್ಕೆ ಜೈಲಿನ ಬಾಗಿಲು ತೆರೆಯಬೇಕು. ಎರಡನ್ನೂ ಒಂದೇ ಹೊದಿಕೆಯೊಳಗೆ ಮಲಗಿಸಿ ಪ್ರಜೆಗಳ ಮುಂದೆ ಇಡುವುದು ಅನ್ಯಾಯ.

ಇಷ್ಟಾದರೂ ಕೆಂಪು ಸಿಗ್ನಲಿನ ಮುಂದೆ ಗಾಡಿ ದಿನವಿಡೀ ನಿಂತಿರಲಾರದಷ್ಟೆ. ಆಗ ಮನುಷ್ಯನು ಯಂತ್ರದ ಸ್ಥಾನದಲ್ಲಿ ನಿಲ್ಲುತ್ತಾನೆ. ಸ್ಟೇಷನ್ ಮಾಸ್ತರರು ಮುಂದಿನ ನಿಲ್ದಾಣದೊಡನೆ ಮಾತನಾಡಿ, ಹಾದಿ ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಡ್ರೈವರನಿಗೆ ಕಾಗದದ ಮೇಲೆ ಅಪ್ಪಣೆಯನ್ನು ಬರೆದುಕೊಡುತ್ತಾರೆ. ಪಾಯಿಂಟ್ಸ್‌ಮನ್ನನು ಬಿಸಿಲೆನ್ನದೆ ಮಳೆಯೆನ್ನದೆ ಹಳಿಯುದ್ದಕ್ಕೂ ನಡೆದುಹೋಗಿ, ಹಳಿ ಕವಲೊಡೆಯುವ ಪಾಯಿಂಟು ಸರಿಯಾದ ಕಡೆಗೆ ತಿರುಗಿದೆಯೇ ಎಂದು ಕಣ್ಣಿನಿಂದ ನೋಡಿ, ಅದನ್ನು ಹಿಡಿಕೆಯಿಂದ ಬಿಗಿದು ಬೀಗ ಹಾಕಬೇಕು. ಸಿಗ್ನಲನ್ನು ಸರಿಪಡಿಸಲು ಬಂದ ಕೆಲಸಗಾರನು ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮುಂಚೆ, ಇಂತಹ ಸಂಪರ್ಕವನ್ನು ಕಡಿಯುತ್ತೇನೆಂದು ಮಾಸ್ತರರಿಗೆ ಲಿಖಿತ ಮೆಮೊ ಕೊಡಬೇಕು. ಕೆಲಸ ಮುಗಿದು ಪರೀಕ್ಷೆ ಆದ ಮೇಲೆ ಮತ್ತೊಂದು ಮೆಮೊ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಆ ಹೊತ್ತೇ ನಮ್ಮ ತಡ. ಆ ತಡವೇ ನಮ್ಮ ಪ್ರಾಣದ ಬೆಲೆ. ಈ ಬೆಲೆಯನ್ನು ಕೊಡಲು ಮನಸ್ಸಿಲ್ಲದೆ ಅಡ್ಡದಾರಿ ಹಿಡಿದಾಗ ಏನಾಗಬಹುದೆಂಬುದನ್ನು ಹುಡುಕುತ್ತ ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಮೈಸೂರು ರೈಲ್ವೆ ವಿಭಾಗದಲ್ಲಿಯೇ ನಿದರ್ಶನವುಂಟು.

2023ರ ಫೆಬ್ರವರಿ 8ನೆಯ ತಾರೀಖಿನ ಸಾಯಂಕಾಲ ಬೀರೂರು-ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ, ದಿಲ್ಲಿಯ ಕಡೆಗೆ ಹೊರಟಿದ್ದ 12649ನೆಯ ನಂಬರಿನ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸನ್ನು ಕಾಗದದ ಅಪ್ಪಣೆಯ ಮೇಲೆ ಬಿಡಲಾಯಿತು. ಮಾಸ್ತರರ ಮುಂದಿನ ಫಲಕದ ಮೇಲೆ ಹಾದಿ ಸರಿಯಾಗಿಯೇ ತೋರುತ್ತಿತ್ತು. ಹಳಿಯ ಮೇಲೆ ಮಾತ್ರ ಪಾಯಿಂಟು ಬೇರೆ ಕಡೆಗೆ ತಿರುಗಿತ್ತು. ಗಾಡಿಯು ಆ ಹಾದಿ ಹಿಡಿದಿದ್ದರೆ ಗೂಡ್ಸ್ ಗಾಡಿಗೆ ಮುಖಾಮುಖಿಯಾಗಿ ಡಿಕ್ಕಿ ಹೊಡೆಯುವುದಿತ್ತು. ಡ್ರೈವರನ ಕಣ್ಣು ಚುರುಕಾಗಿದ್ದುದರಿಂದ ಪಾಯಿಂಟು ತಪ್ಪಿರುವುದನ್ನು ಕಂಡು ಗಾಡಿಯನ್ನು ನಿಲ್ಲಿಸಿದನು. ಅಂದು ಆ ಗಾಡಿಯಲ್ಲಿದ್ದವರ ಪ್ರಾಣವು ಯಂತ್ರದಿಂದ ಉಳಿಯಲಿಲ್ಲ, ನಿಯಮದಿಂದ ಉಳಿಯಲಿಲ್ಲ, ಅಧಿಕಾರಿಗಳಿಂದಂತೂ ಉಳಿಯಲಿಲ್ಲ. ಒಬ್ಬ ಡ್ರೈವರನ ಎರಡು ಕಣ್ಣುಗಳಿಂದ ಉಳಿಯಿತು. ಪ್ರಯಾಣಿಕರು ‘ಏನೋ ನಿಂತಿದೆ’ ಎಂದು ಗೊಣಗಿಕೊಂಡಿರಬಹುದು!

ಮರುದಿನ, ಎಂದರೆ ಫೆಬ್ರವರಿ 9ರಂದು, ನೈರುತ್ಯ ರೈಲ್ವೆಯ ಪ್ರಧಾನ ಮುಖ್ಯ ಸಂಚಾಲನಾ ವ್ಯವಸ್ಥಾಪಕರು ಒಂದು ಪತ್ರವನ್ನು ಬರೆದರು. ಅವರನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಫಲಕದ ಮೇಲೆ ಸರಿಯಾಗಿ ತೋರಿದ ಹಾದಿಯು ಗಾಡಿ ಹೊರಟ ಮೇಲೆ ಬದಲಾಗುವುದೆಂದರೆ ವ್ಯವಸ್ಥೆಯಲ್ಲಿಯೇ ಗಂಭೀರವಾದ ಲೋಪಗಳಿವೆಯೆಂದು ಅರ್ಥ. ಇದು ಸಿಗ್ನಲಿಗೂ ಪಾಯಿಂಟಿಗೂ ಬೆಸುಗೆ ಹಾಕಿರುವ ಮೂಲತತ್ತ್ವಕ್ಕೇ ಭಂಗ. ಕೂಡಲೆ ಸರಿಪಡಿಸದಿದ್ದರೆ ಇದು ಮರುಕಳಿಸಿ ದೊಡ್ಡ ಅಪಘಾತಗಳಾದಾವು—ಇದು ಆ ಪತ್ರದ ತಾತ್ಪರ್ಯ. ಇದಕ್ಕಿಂತ ಬಿಚ್ಚಿ ಹೇಳುವುದು ಯಾವ ನೌಕರನಿಗೂ ಸಾಧ್ಯವಿರಲಿಲ್ಲ. ಏಪ್ರಿಲಿನಲ್ಲಿ ರೈಲ್ವೆ ಬೋರ್ಡು ಕೂಡ ವಲಯಗಳಿಗೆ ಪತ್ರ ಬರೆದು, ಸಿಗ್ನಲು ಕೆಲಸಗಾರರು ದುರಸ್ತಿಯ ಸಮಯದಲ್ಲಿ ಅಡ್ಡದಾರಿ ಹಿಡಿಯುತ್ತಿದ್ದಾರೆ, ಪೂರ್ತಿ ಪರೀಕ್ಷಿಸದೆ ಸಿಗ್ನಲು ಕೊಡುತ್ತಿದ್ದಾರೆ ಎಂದು ಎಚ್ಚರಿಸಿತು. ಪತ್ರವಾಯಿತು, ಪತ್ರಕ್ಕೆ ಪ್ರತಿ ಪತ್ರವಾಯಿತು, ಕಡತಕ್ಕೆ ದಾರ ಕಟ್ಟಿದ್ದಾಯಿತು.

ಹೊಸದುರ್ಗದ ಪತ್ರಕ್ಕೆ 113 ದಿನ ತುಂಬಿದಂದು, 2023ರ ಜೂನ್ 2ರ ಸಂಜೆ, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಬರುತ್ತಿದ್ದ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮೈನ್ ಲೈನಿನ ಹಸುರು ಸಿಗ್ನಲು ಸಿಕ್ಕಿತು. ಪಾಯಿಂಟು ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಕಬ್ಬಿಣದ ಅದಿರನ್ನು ತುಂಬಿಕೊಂಡು ಲೂಪಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅದು ಪೂರ್ಣ ವೇಗದಲ್ಲಿ ಬಡಿಯಿತು. ಚೆದುರಿದ ಡಬ್ಬಿಗಳು ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಗಾಡಿಯ ಹಿಂಬದಿಗೆ ಹೊಡೆದವು. ಆ ಗಾಡಿ ಯಾವುದು? ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲಿನಿಂದ ಹೊರಟು ಹಾವ್ಡಾಕ್ಕೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ಸು! 290ಕ್ಕೂ ಮಿಕ್ಕಿ ಜನರು ಮಡಿದರು.

ಹೊಸದುರ್ಗದ ದೋಷವೂ ಬಹನಗಾದ ದೋಷವೂ ಒಂದೇ ತಂತಿಯ ದೋಷವೆಂದು ನಾವು ವಾದಿಸುವುದಿಲ್ಲ. ಹಾಗೆ ವಾದಿಸುವುದು ಸತ್ಯಕ್ಕೆ ಅಪಚಾರ. ಆದರೆ ರೈಲ್ವೆ ಸುರಕ್ಷತಾ ಆಯುಕ್ತರ ವರದಿಯ ಸಾರವನ್ನು 2023ರ ಜುಲೈಯಲ್ಲಿ ಸರಕಾರವೇ ಸಂಸತ್ತಿನ ಮುಂದಿಟ್ಟಿತು. ಹಿಂದೆ ಯಾವಾಗಲೋ ಸಿಗ್ನಲಿನ ತಂತಿಗಳನ್ನು ಬದಲಾಯಿಸಿದಾಗ ಮಾಡಿದ ಲೋಪ, ಅದರ ಮೇಲೆ ಅಂದು 94ನೆಯ ಗೇಟಿನ ವಿದ್ಯುತ್ ತಡೆಗಂಬವನ್ನು ಬದಲಾಯಿಸುವಾಗ ಮಾಡಿದ ಲೋಪ, ಇವೆರಡೂ ಕೂಡಿ ಪಾಯಿಂಟು ಲೂಪಿನ ಕಡೆಗಿದ್ದರೂ ಸಿಗ್ನಲು ಹಸುರಾಯಿತು. ಗೇಟು ಕೆಟ್ಟಿತ್ತು, ಬೇಗ ಸರಿಪಡಿಸಬೇಕಾಗಿತ್ತು, ತಂತಿಗಳನ್ನು ಕೂಡಿಸಿದರು, ಗಾಡಿ ಬಂತು. ಇದಕ್ಕಿಂತ ಹೆಚ್ಚು ಮನಸ್ಸನ್ನು ಕಲಕುವ ಮಾತೂ ಆ ವರದಿಯಲ್ಲಿದೆ. ಅದೇ ಆಗ್ನೇಯ ರೈಲ್ವೆಯ ಖರಗ್‌ಪುರ ವಿಭಾಗದ ಬಾಂಕ್ರಾ ನಯಾಬಾಜ್ ನಿಲ್ದಾಣದಲ್ಲಿ 2022ರ ಮೇ 16ರಂದೇ ತಪ್ಪು ತಂತಿಯ ಕಾರಣದಿಂದ ಸಿಗ್ನಲು ಹೇಳಿದ ಹಾದಿಯೊಂದು, ಗಾಡಿ ಹಿಡಿದ ಹಾದಿಯೊಂದು ಆಗಿತ್ತು. ಅಂದೇ ಪರಿಹಾರ ಮಾಡಿದ್ದರೆ ಬಹನಗಾದ ದುರಂತ ನಡೆಯುತ್ತಿರಲಿಲ್ಲವೆಂದು ಆಯುಕ್ತರು ಬರೆದಿದ್ದಾರೆ. ಒಂದು ವರ್ಷ ಮುಂಚಿತವಾಗಿ ಒಮ್ಮೆ, ನಾಲ್ಕು ತಿಂಗಳು ಮುಂಚಿತವಾಗಿ ಮತ್ತೊಮ್ಮೆ ಎಚ್ಚರಿಕೆ ಬಂದಿತ್ತು. ಬಾಂಕ್ರಾದ ವಿಷಯವಾಗಲಿ ಹೊಸದುರ್ಗದ ವಿಷಯವಾಗಲಿ ಆ ನಡುವೆ ಪ್ರಜೆಗಳ ಕಿವಿಗೆ ಏಕೆ ಬೀಳಲಿಲ್ಲ? ಹೊಸದುರ್ಗದ ಪತ್ರವನ್ನು ನಾವು ಓದಿದುದು ಬಹನಗಾದ ಹೆಣಗಳನ್ನು ಎಣಿಸಿದ ಮೇಲೆ! ಅಪಘಾತವಾದರೆ ಸುರಕ್ಷತಾ ಆಯುಕ್ತರ ವಿಚಾರಣೆ; ಅವರು ರೈಲ್ವೆಯ ಅಧೀನದಲ್ಲಿರದೆ ವಿಮಾನಯಾನ ಸಚಿವಾಲಯದ ಅಧೀನದಲ್ಲಿರುವುದರಿಂದ ಅಷ್ಟು ಸ್ವಾತಂತ್ರ್ಯವುಂಟು. ಅಪಘಾತವು ಕೂದಲೆಳೆಯಲ್ಲಿ ತಪ್ಪಿದರೆ ಮಾತ್ರ ವಿಚಾರಣೆ ಮನೆಯೊಳಗೇ ನಡೆದು ಮನೆಯೊಳಗೇ ಮುಗಿಯುತ್ತದೆ.

ಜುಲೈ ತಿಂಗಳಲ್ಲಿ ಕೇಂದ್ರ ತನಿಖಾ ದಳದವರು ಮೂವರು ರೈಲ್ವೆ ನೌಕರರನ್ನು ಸೆರೆ ಹಿಡಿದರು. ಅವರ ಮೇಲಿನ ಮೊಕದ್ದಮೆಯ ಬಗ್ಗೆ ನಾವು ಏನನ್ನೂ ಹೇಳುವುದಿಲ್ಲ. ಅದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ಪತ್ರವನ್ನು ಓದಿ ಪಕ್ಕಕ್ಕಿಟ್ಟ ಮೇಜುಗಳಿಗೆ ಸೆರೆಮನೆ ಎಂದಾದರೂ ಉಂಟೇ? ತಂತಿ ಮುಟ್ಟಿದ ಕೈಯನ್ನು ಹಿಡಿಯುವುದು ಸುಲಭ. ಆ ಕೈಯನ್ನು ಅವಸರಪಡಿಸಿದ ಬಾಯಿಯನ್ನು, ಆ ಕೈಗೆ ವಿಶ್ರಾಂತಿ ಕೊಡದ ಲೇಖನಿಯನ್ನು ಹಿಡಿಯುವುದೇ ಕಷ್ಟ.

ಇಲ್ಲಿ ಇಂಗ್ಲೆಂಡಿನ ಒಂದು ಉದಾಹರಣೆಯನ್ನು ಕೊಡದೆ ಇರಲಾರೆವು. ಆಳಿದವರಿಂದ ಕಲಿಯಬೇಕಾದುದು ಇದ್ದರೆ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ. 1988ರ ಡಿಸೆಂಬರ್ 12ರ ಬೆಳಿಗ್ಗೆ ಲಂಡನ್ನಿನ ಕ್ಲಾಪಮ್ ಜಂಕ್ಷನ್ನಿನ ಬಳಿ ಗಾಡಿಗಳು ಡಿಕ್ಕಿಯಾಗಿ 35 ಜನರು ಸತ್ತರು. ಹೊಸ ತಂತಿಗಳನ್ನು ಹಾಕಿದಾಗ ಹಳೆಯ ತಂತಿಯೊಂದನ್ನು ಕತ್ತರಿಸದೆ ಬಿಟ್ಟಿದ್ದರು. ಅದರ ಬರಿ ತುದಿಯು ತಾಗಿ, ಕೆಂಪಾಗಬೇಕಾಗಿದ್ದ ಸಿಗ್ನಲು ಕೆಂಪಾಗಲಿಲ್ಲ. ವಿಚಾರಣೆಯನ್ನು ನಡೆಯಿಸಿದ ಆಂಥೊನಿ ಹಿಡನ್ ಎಂಬ ನ್ಯಾಯವಾದಿಯು ಆ ಕೆಲಸಗಾರನ ತಪ್ಪನ್ನು ಬರೆದು ಕೈತೊಳೆದುಕೊಳ್ಳಲಿಲ್ಲ. ಅವನಿಗೆ ಹಿಂದಿನ 13 ವಾರಗಳಲ್ಲಿ ಎಷ್ಟು ದಿನ ರಜೆಯಿತ್ತೆಂದು ಕೇಳಿದನು. ಒಂದೇ ಒಂದು ದಿನ! ಅವನ ಕೆಲಸವನ್ನು ಇನ್ನೊಬ್ಬನು ಬಂದು ತಂತಿ ತಂತಿಯಾಗಿ ಎಣಿಸಿ ನೋಡಬೇಕಾಗಿತ್ತು. ನೋಡಿದ್ದನೇ ಎಂದು ಕೇಳಿದನು. ಇಲ್ಲ! ಈ ವರದಿ 1989ರಲ್ಲಿ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕಿತು. ಸಿಗ್ನಲು ಕೆಲಸಗಾರರ ದುಡಿಮೆಯ ಹೊತ್ತಿಗೆ ಮಿತಿಯನ್ನು ಹಾಕಬೇಕೆಂಬುದು ಅದರ ಶಿಫಾರಸುಗಳಲ್ಲಿ ಒಂದು. ನಮ್ಮ ಹಳಿಯುದ್ದಕ್ಕೂ ಪೆಟ್ಟಿಗೆ ತೆರೆದು ನಿಲ್ಲುವ ಕೆಲಸಗಾರನಿಗೆ ಕಳೆದ 13 ವಾರಗಳಲ್ಲಿ ಎಷ್ಟು ದಿನ ಬಿಡುವಿತ್ತು? ಪ್ರತಿಯೊಂದು ವಿಭಾಗದ ಕಚೇರಿಯೂ ಇದಕ್ಕೆ ಉತ್ತರವನ್ನು ಗೋಡೆಯ ಮೇಲೆ ಬರೆದು ಹಾಕಲಿ.

ನಮ್ಮ ವಾದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆವು. ‘ಕವಚ’ವೆಂಬ ಹೊಸ ಯಂತ್ರ ಬರುತ್ತಿದೆ, ಅದು ಎಲ್ಲವನ್ನೂ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಕವಚವು ಒಳ್ಳೆಯದೇ, ಬೇಗ ಬರಲಿ. ಡ್ರೈವರನು ಕೆಂಪು ಸಿಗ್ನಲನ್ನು ದಾಟಹೊರಟರೆ ಅದು ಗಾಡಿಯನ್ನು ತಡೆಯುವುದು. ಆದರೆ ಹಾದಿ ಸರಿಯೋ ತಪ್ಪೋ ಎಂಬ ಸುದ್ದಿಯನ್ನು ಅದು ನಿಲ್ದಾಣದ ಸಿಗ್ನಲು ವ್ಯವಸ್ಥೆಯಿಂದಲೇ ಪಡೆಯತಕ್ಕದ್ದು. ಸಿಗ್ನಲೇ ಸುಳ್ಳು ಹೇಳಿದರೆ ಕವಚವೂ ಅದನ್ನೇ ನಂಬುವುದು. ಬಹನಗಾದಲ್ಲಿ ಕವಚವಿದ್ದರೂ ಅಪಘಾತ ತಪ್ಪುತ್ತಿರಲಿಲ್ಲವೆಂದು ರೈಲ್ವೆಯ ಅಧಿಕಾರಿಗಳೇ ಆಗ ಹೇಳಿದರು. ಇನ್ನು ಕೆಲವರು, ಇಂತಹ ಸಂಗತಿಗಳನ್ನು ಬಹಿರಂಗಪಡಿಸಿದರೆ ಜನರು ಹೆದರುವರು ಎನ್ನುತ್ತಾರೆ. ಸಿಡುಬಿನ ಸುದ್ದಿ ಹೇಳಿದರೆ ಜನ ಹೆದರುವರೆಂದು ದಾಕು ಹಾಕುವುದನ್ನು ಮುಚ್ಚಿಟ್ಟವರುಂಟೇ? ಮತ್ತೆ ಕೆಲವರು, ಇವೆಲ್ಲ ತಜ್ಞರ ವಿಷಯ, ಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂದು ಮೂಗು ಮುರಿಯುತ್ತಾರೆ. ಹಳಿಯೊಳಗಿನ ವಿದ್ಯುತ್ತಿನ ವಿಷಯವನ್ನು ನಾವು ಮೇಲೆ ಹತ್ತು ಸಾಲಿನಲ್ಲಿ ಹೇಳಿದ್ದೇವೆ. ಯಾವ ಮಾಧ್ಯಮಿಕ ಶಾಲೆಯ ಹುಡುಗನಿಗೆ ಅದು ಅರ್ಥವಾಗದೆಂದು ಅವರು ತೋರಿಸಿಕೊಡಲಿ.

ಭಾಷೆಯ ಪ್ರಶ್ನೆಯೂ ಇಲ್ಲಿ ಎದ್ದು ನಿಲ್ಲುತ್ತದೆ. ಯಂತ್ರ ಮೂಕವಾದಾಗ ಗಾಡಿಗಳು ನಡೆಯತಕ್ಕದ್ದು ಮನುಷ್ಯರ ಮಾತಿನ ಮೇಲೆ. 2019ರ ಮೇ ತಿಂಗಳಲ್ಲಿ ತಮಿಳುನಾಡಿನ ಮಧುರೆಯ ಬಳಿ ತಿರುಮಂಗಲ ಮತ್ತು ಕಳ್ಳಿಗುಡಿಗಳ ನಡುವೆ ಸಿಗ್ನಲು ವ್ಯವಸ್ಥೆ ಕೈಕೊಟ್ಟಾಗ, ಇಬ್ಬರು ಸ್ಟೇಷನ್ ಮಾಸ್ತರರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದೆ, ಒಂದೇ ಹಳಿಯ ಮೇಲೆ ಎದುರುಬದುರಾಗಿ ಎರಡು ಗಾಡಿಗಳು ಹೊರಟವು. ದೇವರ ದಯದಿಂದ ಅನಾಹುತವಾಗಲಿಲ್ಲ. ಇದಕ್ಕೆ ದಕ್ಷಿಣ ರೈಲ್ವೆ ಕಂಡುಕೊಂಡ ಪರಿಹಾರವೇನು? ನಾಡಿಗೆ ಬಂದ ಅಧಿಕಾರಿಯು ನಾಡಿನ ನುಡಿಯನ್ನು ಕಲಿಯಲೆಂದು ಹೇಳಲಿಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಮಾತನಾಡತಕ್ಕದ್ದು, ಪ್ರಾಂತಭಾಷೆಯನ್ನು ಬಿಡತಕ್ಕದ್ದೆಂದು ಜೂನಿನಲ್ಲಿ ಸುತ್ತೋಲೆ ಹೊರಡಿಸಿತು! ತಮಿಳರು ಒಕ್ಕೊರಲಿನಿಂದ ಪ್ರತಿಭಟಿಸಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹುಬ್ಬಳ್ಳಿಯಲ್ಲಿ ಕೇಂದ್ರವನ್ನಿಟ್ಟು 2003ರಲ್ಲಿ ನೈರುತ್ಯ ರೈಲ್ವೆಯನ್ನು ಪಡೆಯುವುದಕ್ಕಾಗಿ ನಮ್ಮವರು ಎಷ್ಟು ವರ್ಷ ಕೂಗಿದರೆಂಬುದು ವಾಚಕರಿಗೆ ಗೊತ್ತಿದೆ. ವಲಯ ಬಂತು. ಆದರೆ ಸಿಗ್ನಲು ಕೆಟ್ಟ ಹೊತ್ತಿನಲ್ಲಿ ಪಾಯಿಂಟ್ಸ್‌ಮನ್ನನಿಗೂ, ಗೇಟಿನವನಿಗೂ, ಮಾಸ್ತರರಿಗೂ ನಡುವೆ ಯಾವ ತಡೆಯೂ ಇಲ್ಲದೆ ಹರಿಯುವ ಒಂದು ನುಡಿ ಇರಬೇಕು. ಅಕ್ಕಿಹೆಬ್ಬಾಳಿನಲ್ಲಿ ಆ ನುಡಿ ಕನ್ನಡವಲ್ಲದೆ ಬೇರೆ ಯಾವುದಾದೀತು? ಇದು ಅಭಿಮಾನದ ಮಾತು ಮಾತ್ರವಲ್ಲ, ಪ್ರಾಣದ ಮಾತು. ಹಾಗೆಯೇ ಪ್ರಯಾಣಿಕನಿಗೆ ಕಾರಣವನ್ನು ಹೇಳುವುದೂ ಕನ್ನಡದಲ್ಲಿಯೇ ಆಗಬೇಕು. ಅನುವಾದಯಂತ್ರದಿಂದ ಹೊರಬಿದ್ದ ಕನ್ನಡದಲ್ಲಲ್ಲ.

ಕಾರಣವನ್ನು ಕೇಳಲು ನಮಗೆ ಹಕ್ಕಿದೆಯೇ ಎಂದರೆ, ಧಾರಾಳವಾಗಿ ಇದೆ. ಅಜ್ಮೀರದಿಂದ ಜಮ್ಮುವಿಗೆ ಹೋಗುವ ಎಕ್ಸ್‌ಪ್ರೆಸ್ಸು 2016ರಲ್ಲಿ ನಾಲ್ಕು ಗಂಟೆ ತಡವಾಗಿ, ಸಂಜಯ ಶುಕ್ಲಾ ಎಂಬ ಪ್ರಯಾಣಿಕರಿಗೆ ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿ ಹಿಡಿದು ಹೋದರು. ಬಂದು ದಾವೆ ಹೂಡಿದರು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ತನಕ ಏರಿತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಕೊಟ್ಟ ತೀರ್ಪಿನ ಸಾರವೇನೆಂದರೆ: ತಡವಾದುದಕ್ಕೆ ಕಾರಣವನ್ನು ತೋರಿಸತಕ್ಕವರು ರೈಲ್ವೆಯವರು, ತಮ್ಮ ಕೈಮೀರಿದ ಕಾರಣವೆಂಬುದನ್ನು ಅವರು ಸಾಕ್ಷ್ಯದೊಡನೆ ಸಿದ್ಧಪಡಿಸದಿದ್ದರೆ ಪರಿಹಾರವನ್ನು ಕೊಡಲೇಬೇಕು. ಟ್ಯಾಕ್ಸಿಗೆಂದು 15,000, ವಸತಿಯ ನಷ್ಟಕ್ಕೆ 10,000, ಮನಃಕ್ಲೇಶಕ್ಕೂ ಖರ್ಚಿಗೂ ತಲಾ 5,000 ರೂಪಾಯಿಗಳ ಪರಿಹಾರವು ಸ್ಥಿರವಾಯಿತು. ಹಣ ಅಲ್ಪ; ತತ್ತ್ವ ದೊಡ್ಡದು. ‘ತಾಂತ್ರಿಕ ದೋಷ’ವೆಂಬ ಎರಡು ಪದಗಳು ಧ್ವನಿವರ್ಧಕದ ಮುಂದೆ ಉತ್ತರವಾದಾವು, ನ್ಯಾಯಪೀಠದ ಮುಂದೆ ಆಗಲಾರವು. ಕಾದಿರಿಸಿದ ಟಿಕೆಟಿನವನು, ಗಾಡಿ 3 ಗಂಟೆಗಿಂತ ಹೆಚ್ಚು ತಡವಾದ ಕಾರಣ ಪ್ರಯಾಣವನ್ನು ಕೈಬಿಟ್ಟರೆ, ಗಾಡಿ ಹೊರಡುವುದಕ್ಕೆ ಮೊದಲೇ ಅರ್ಜಿ ಹಾಕಿ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯಬಹುದೆಂಬ ನಿಯಮವೂ ಉಂಟು. ಕಡೆಯ ಬಸ್ಸು ತಪ್ಪಿದ ಗುರುಪುರದವನ ರಾತ್ರಿಗೆ ಮಾತ್ರ ಯಾವ ನಿಯಮದಲ್ಲಿಯೂ ದರವಿಲ್ಲ.

ಇನ್ನು ನಮ್ಮ ಜನರಿಗೂ ಒಂದು ಮಾತು. ಗಾಡಿ ತಡವಾದಾಗ ಸ್ಟೇಷನ್ ಮಾಸ್ತರರ ಕೋಣೆಗೆ ನುಗ್ಗಿ ಮೇಜು ಬಡಿಯುವುದನ್ನು ಪೌರುಷವೆಂದು ಬಗೆದ ವಿದ್ಯಾವಂತರು ಪಟ್ಟಣಗಳಲ್ಲಿ ಹೆಚ್ಚುತ್ತಿದ್ದಾರೆ. ಆ ಹೊತ್ತಿನಲ್ಲಿ ಆ ಮನುಷ್ಯನ ಒಂದು ಕಿವಿಯಲ್ಲಿ ಮುಂದಿನ ನಿಲ್ದಾಣ, ಇನ್ನೊಂದು ಕಿವಿಯಲ್ಲಿ ಕಂಟ್ರೋಲು ಕಚೇರಿ, ಕೈಯಲ್ಲಿ ನಮ್ಮೆಲ್ಲರ ಪ್ರಾಣಕ್ಕೆ ಬರೆಯುವ ಅಪ್ಪಣೆ ಚೀಟಿ. ಅವರನ್ನು ಅವಸರಪಡಿಸುವವನು ತನ್ನ ಹೆಂಡಿರು ಮಕ್ಕಳು ಕುಳಿತ ಗಾಡಿಯ ಪಾಯಿಂಟನ್ನೇ ಅಲುಗಾಡಿಸುತ್ತಿದ್ದಾನೆ. ಗಾಡಿ ಹೊರಡುವ ತನಕ ಸುಮ್ಮನಿದ್ದು, ಊರಿಗೆ ಬಂದ ಮೇಲೆ ಬಾಯಿ ತೆರೆಯಬೇಕು. ನಮ್ಮವರು ಮಾಡುವುದು ಇದಕ್ಕೆ ನೇರ ವಿರುದ್ಧ: ನಿಲ್ದಾಣದಲ್ಲಿ ಸಿಂಹಗರ್ಜನೆ, ಊರಿಗೆ ಬಂದ ಮೇಲೆ ನಿದ್ರೆ.

ಬಾಯಿ ತೆರೆಯುವ ಬಗೆ ಹೇಗೆ? 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮಿನ ಪ್ರಕಾರ, ಆಡಳಿತದ ನಿರ್ಣಯಗಳಿಗೆ ಕಾರಣವೇನೆಂದು ಅವುಗಳಿಂದ ಬಾಧಿತರಾದವರಿಗೆ ಕಚೇರಿಗಳು ತಾವಾಗಿಯೇ ತಿಳಿಸತಕ್ಕದ್ದು. ತಿಳಿಸದಿದ್ದರೆ 10 ರೂಪಾಯಿಯ ಶುಲ್ಕ, ಒಂದು ಹಾಳೆ ಕಾಗದ. 30 ದಿನಗಳೊಳಗೆ ಉತ್ತರ. ಕೃಷ್ಣರಾಜನಗರದ ಒಬ್ಬ ಉಪಾಧ್ಯಾಯರೋ ಹುಣಸೂರಿನ ಒಬ್ಬ ವ್ಯಾಪಾರಿಯೋ ಸಿಗ್ನಲಿನ ಕಾರಣ ಗಾಡಿ ಒಂದು ಗಂಟೆಗೆ ಮೀರಿ ತಡವಾದ ಪ್ರತಿಯೊಂದು ಸಲವೂ ಮೈಸೂರು ವಿಭಾಗದ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿ ಬರೆಯಲಿ. ಯಾವ ನಿಲ್ದಾಣದ ಯಾವ ಸಿಗ್ನಲು ಕೆಟ್ಟಿತು, ಅದು ಕೆಂಪಾಗಿ ಕೆಟ್ಟಿತೋ ಬೇರೆ ಬಗೆಯಾಗಿ ಕೆಟ್ಟಿತೋ, ದುರಸ್ತಿಗೆ ಮುಂಚೆ ಸಂಪರ್ಕ ಕಡಿಯುವ ಮೆಮೊ ಎಷ್ಟು ಗಂಟೆಗೆ ಬಂತು, ಪರೀಕ್ಷೆ ಮಾಡಿ ಮರಳಿ ಕೂಡಿಸಿದ ಮೆಮೊ ಎಷ್ಟು ಗಂಟೆಗೆ ಬಂತು, ಆ ಎರಡರ ನಡುವೆ ಎಷ್ಟು ಗಾಡಿಗಳನ್ನು ಕಾಗದದ ಮೇಲೆ ಬಿಟ್ಟರು ಎಂದು ಕೇಳಲಿ. ಈ ನಾಲ್ಕು ತಾಲ್ಲೂಕುಗಳಿಂದ ತಿಂಗಳಿಗೆ ಹತ್ತು ಅರ್ಜಿಗಳು ಹೋಗಲಿ. ವರ್ಷ ತುಂಬುವುದರೊಳಗೆ ಈ ಸಂಗತಿಗಳನ್ನು ನಿಲ್ದಾಣದ ಹಲಗೆಯ ಮೇಲೆ ತಾವೇ ಬರೆದು ಹಾಕುವುದು ಅಗ್ಗವೆಂದು ಕಚೇರಿಗೆ ತೋರದಿದ್ದರೆ ಕೇಳಿರಿ. ಬರುವ ಉತ್ತರಗಳನ್ನು ಪ್ರಕಟಿಸಲು ಕನ್ನಡ ಪತ್ರಿಕೆಗಳಲ್ಲಿ ಜಾಗಕ್ಕೆ ಕೊರತೆಯಾಗಲಾರದು; ‘ಉತ್ತರ ಬಂದಿಲ್ಲ’ ಎಂಬುದನ್ನು ಪ್ರಕಟಿಸುವುದಕ್ಕಂತೂ ಒಂದೇ ಸಾಲು ಸಾಕು.